ಮೇಲಿನ ಚಿಪ್ಪು

"ನೀಲಿ ಬಂತಪ್ಪ, ನಿಧಾನ!" ಎಂದು ವಿನೋದಿನಿ ಕೂಗುವಷ್ಟರಲ್ಲಿ ಪೂವಪ್ಪನ ಸುತ್ತಿಗೆ ಇಳಿದೇಬಿಟ್ಟಿತ್ತು. ಉಳಿಯ ತುದಿಯಿಂದ ಪ್ಲಾಸ್ಟರಿನ ಹೋಳೊಂದು ಹಾರಿ ಗೋಡೆಗೆ ಬಡಿದು ಪುಡಿಯಾಯಿತು. ಅಪ್ಪ ಮಗಳು ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದರು. ಒಡೆದ ಜಾಗದಲ್ಲಿ ನೀಲಿಯ ತೆಳು ಪದರ, ಅದು ಎದ್ದುಹೋದ ಕಡೆ ಬೆರಳಗಲ ಬಿಳಿ. ಬಿಳಿಗೆ ಗಾಯವಾಗಿರಲಿಲ್ಲ.

"ಹಡಗಿನ ತುಕ್ಕು ಕೆರೆದ ಕೈ ಮಗಾ ಇದು," ಎಂದ ಪೂವಪ್ಪ, ಗಟ್ಟಿ ದನಿಯಲ್ಲಿ. ಗೋದಿಯಲ್ಲಿ, ಎಂದರೆ ಬಂದರಿನ ಹಡಗುಕಟ್ಟೆಯಲ್ಲಿ, ಹಡಗುಗಳ ಕಬ್ಬಿಣದ ಹೊಟ್ಟೆಗಳನ್ನು ಬಡಿದು ಬಡಿದು ಅವನ ಕಿವಿ ಅರ್ಧ ಹೋಗಿತ್ತು. ಎದುರಿಗಿದ್ದವರದೂ ಹೋಗಿದೆ ಎಂದೇ ಅವನ ಲೆಕ್ಕ. "ತುಕ್ಕು ಮಾತ್ರ ಏಳ್ಬೇಕು, ತಗಡಿಗೆ ಗೊತ್ತಾಗ್ಬಾರ್ದು. ನಂಗೆ ಕಲಿಸ್ಲಿಕ್ಕೆ ಬರ್ಬೇಡ ನೀನು."

"ಇದು ತಗಡಲ್ಲ."

"ಗೊತ್ತುಂಟು. ಕಪ್ಪೆಚಿಪ್ಪು, ಮರುವಾಯಿ."

"ಮರುವಾಯಿ ಅಲ್ಲಪ್ಪ. ಮೂವತ್ತು ಕೋಟಿ ವರ್ಷದ ಹಿಂದಿನ ಪ್ರಾಣಿ."

"ಮೂವತ್ತು ಕೋಟಿ ವರ್ಷದ ಹಿಂದಿನ ಮರುವಾಯಿ," ಎಂದು ಪೂವಪ್ಪ ತಿದ್ದಿಕೊಂಡ. "ಆಗ ತೆಂಗಿನಕಾಯಿ ಎಷ್ಟು ದೊಡ್ಡದಿತ್ತೋ ಮಾರಾಯ್ತಿ! ಇಷ್ಟು ಮರುವಾಯಿಗೆ ಮಸಾಲೆ ಅರೀಲಿಕ್ಕೆ ನಿನ್ನ ಅಜ್ಜಿಯೇ ಬರ್ಬೇಕಿತ್ತು."

ವಿನೋದಿನಿಗೆ ನಗು ಬಂತು. ನಗುತ್ತಲೇ ಸುತ್ತಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಕೂತಳು. ಮಣ್ಣಿನಲ್ಲಿ ಮಾಡಿದ ಮೂರ್ತಿಗೆ ಮೊದಲು ನೀಲಿ ಬೆರೆಸಿದ ಪ್ಲಾಸ್ಟರು ಬಳಿದು, ಅದರ ಮೇಲೆ ಬಿಳಿಯದನ್ನು ದಪ್ಪಗೆ ಹೊದಿಸಿ ಅಚ್ಚು ತೆಗೆಯಬೇಕು. ಮಣ್ಣು ಬಗೆದು, ಒಳಗೆ ಸಾಬೂನು ಸವರಿ, ಹೊಸ ಪ್ಲಾಸ್ಟರು ಹೊಯ್ದು ಗಟ್ಟಿಯಾದ ಮೇಲೆ ಅಚ್ಚನ್ನು ಒಡೆಯಬೇಕು. ಒಡೆಯುವಾಗ ನೀಲಿ ಕಂಡಿತೆಂದರೆ ಮೂರ್ತಿ ಹತ್ತಿರ ಬಂತು, ಕೈ ಹಗುರ ಮಾಡು ಎಂದರ್ಥ. ಒಂದು ಅಚ್ಚಿಗೆ ಒಂದೇ ಮೂರ್ತಿ. ತಪ್ಪಿದರೆ ಮೊದಲಿನಿಂದ.

ತಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಬೈಕುಲ್ಲಾದ ಒಂದು ಹಳೆಯ ಕುದುರೆಲಾಯದ ನೆಲದ ಮೇಲೆ, ಒಡೆದ ಚೂರುಗಳ ನಡುವೆ, ಎರಡು ತೋಳು ಚಾಚಿದಷ್ಟು ಅಗಲದ ಚಿಪ್ಪು ಮಲಗಿತ್ತು. ಮೈತುಂಬ ಬಾಚಣಿಗೆ ಎಳೆದಂಥ ಗೆರೆಗಳು. ನಿಜವಾದ ಪ್ರಾಣಿ ಒಂದು ಊಟದ ತಟ್ಟೆಯಷ್ಟಿತ್ತಂತೆ. ಹಿಂದಿನ ಸಾಲಿನ ಶಾಲೆಮಕ್ಕಳಿಗೂ ಕಾಣಲೆಂದು ಇದನ್ನು ಹಲವು ಪಟ್ಟು ಹಿಗ್ಗಿಸಲಾಗಿತ್ತು.

ಕುದುರೆಲಾಯ ಒಬ್ಬ ಗಿರಣಿ ಮಾಲೀಕನ ಬಂಗಲೆಯ ಹಿಂಬದಿ. ಬಂಗಲೆ ಈಗ ಪ್ರಾಣಲಾಲ್ ಟ್ರಸ್ಟಿನ ಮ್ಯೂಸಿಯಂ. ಮಾಲೀಕನ ಮೊಮ್ಮಗನಿಗೆ, ಎಲ್ಲರೂ ಸೇಠ್ ಎನ್ನುವವನಿಗೆ, ಹಳೆಯ ಕಲ್ಲುಗಳ ಕೋಣೆಯನ್ನು ಒಡೆದು 'ಪ್ರಾಚೀನ ಸಾಗರಗಳು' ಎಂಬ ಗ್ಯಾಲರಿ ಮಾಡುವ ಹುಕಿ ಹುಟ್ಟಿತ್ತು. ಗಾಜಿನ ಹಿಂದೆ ಕಲ್ಲಿದ್ದಲ ಯುಗದ ಸಮುದ್ರತಳ. ಹವಳ, ಗಿಡದ ಹಾಗೆ ನಿಂತ ಕಡಲ ಲಿಲ್ಲಿಗಳು, ನಡುವೆ ಬ್ರೇಕಿಯೋಪಾಡ್ ಎಂಬ ಈ ದೈತ್ಯ ಚಿಪ್ಪುಪ್ರಾಣಿ. ಗ್ಯಾಲರಿ ತೆರೆದ ದಿನದಿಂದ ವಿನೋದಿನಿಯ ಮಾಡೆಲರ್ ಕೆಲಸ ಕಾಯಂ ಎಂದು ಮಾತಾಗಿತ್ತು. ಅಲ್ಲಿಯವರೆಗೆ ದಿನಗೂಲಿ.

ಶಿಲ್ಪಕಲೆಯಲ್ಲಿ ಡಿಪ್ಲೊಮಾ ಮುಗಿಸಿದ ಅವಳ ಜೊತೆಯ ಹುಡುಗರು ಸಿನಿಮಾ ಸೆಟ್ಟುಗಳಿಗೆ, ಗಣಪತಿ ಕಾರ್ಖಾನೆಗಳಿಗೆ ಹೋದರು. ಹೆಣ್ಣಿಗೆ ಪ್ಲಾಸ್ಟರಿನ ಮೂಟೆ ಹೊರಿಸಲು ಯಾರಿಗೂ ಮನಸ್ಸಿರಲಿಲ್ಲ. ಅವಳಿಗೆ ಸಿಕ್ಕಿದ್ದು ಭಾಂಡುಪಿನ ಒಂದು ಗೊಂಬೆ ಫ್ಯಾಕ್ಟರಿ. ಪ್ಲಾಸ್ಟಿಕ್ ಬೊಂಬೆಗಳಿಗೆ ಹುಬ್ಬು ಬರೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಹುಬ್ಬು, ಎಡದ್ದು, ಬಲದ್ದು. ಕಣ್ಣು ಬರೆಯುವವಳು ಬೇರೆ. ಮನೆಗೆ ಬಂದು ಕನ್ನಡಿ ನೋಡಿದರೆ ತನ್ನ ಹುಬ್ಬೂ ಯಾರೋ ಕೂಲಿಗೆ ಬರೆದದ್ದು ಅನ್ನಿಸುತ್ತಿತ್ತು. ಅಲ್ಲಿಗೆ ವಾಪಸು ಹೋಗುವ ಮಾತು ಬಂದರೆ ಅವಳು ಎದ್ದು ಬೇರೆ ಏನಾದರೂ ಕೆಲಸ ಹಿಡಿಯುತ್ತಿದ್ದಳು.

ಅಲ್ಲಿಂದ ಅವಳನ್ನು ಎತ್ತಿ ತಂದವರು ಡಾಕ್ಟರ್ ಅಣವೀರಪ್ಪ, ಮ್ಯೂಸಿಯಮ್ಮಿನ ಮುಖ್ಯಸ್ಥರು, ವಿಜಾಪುರದ ಕಡೆಯವರು. ಅವರ ಡಾಕ್ಟರೇಟು ಕರಿಕಲ್ಲಿನ ಮೇಲೆ. ದಖನ್ನಿನ ಲಾವಾ ಹೇಗೆ ಹರಿಯಿತು, ಹೇಗೆ ತಣಿಯಿತು ಎಂದು ಕೇಳಿದರೆ ಊಟ ಬಿಟ್ಟು ಹೇಳುತ್ತಿದ್ದರು. "ನಮ್ಮ ಕಲ್ಲಿನ್ಯಾಗ ಹುಳಾ ಇಲ್ಲ, ಹುಪ್ಪಡಿ ಇಲ್ಲ," ಎನ್ನುವುದು ಅವರ ಹೆಮ್ಮೆ. "ಬೆಂಕಿಯಿಂದ ಬಂದದ್ದವಾ, ಶುದ್ಧ."

ಆ ಶುದ್ಧ ಮನುಷ್ಯ ಒಂದು ದಿನ ಹತ್ತಿ ಹಾಸಿದ ಪೆಟ್ಟಿಗೆಯೊಂದನ್ನು ಅವಳ ಮೇಜಿನ ಮೇಲಿಟ್ಟಿದ್ದರು. ಒಳಗೆ ಬೂದುಬಣ್ಣದ, ಬೋಗುಣಿಯಂತೆ ಉಬ್ಬಿದ ಒಂದು ಕಲ್ಲುಚಿಪ್ಪು. ಯಾರೋ ಇಂಗ್ಲಿಷ್ ಎಂಜಿನಿಯರು ತನ್ನೂರಿನ ಸುಣ್ಣಕಲ್ಲಿನ ಗುಡ್ಡದಿಂದ ತಂದು ಸೇಠನ ತಾತನಿಗೆ ಉಡುಗೊರೆ ಕೊಟ್ಟದ್ದು. ಲೇಬಲ್ಲಿನಲ್ಲಿ ಉದ್ದನೆಯ ಹೆಸರು: ಜೈಗ್ಯಾಂಟೊಪ್ರೊಡಕ್ಟಸ್.

"ಒಂದೇ ಪಾಲು ಉಂಟಲ್ಲ ಸರ್. ಮೇಲಿನದ್ದು?" ಎಂದು ಅವಳು ಕೇಳಿದ್ದಳು.

"ಕಳದ್ಹೋಗ್ಯದ. ನೀ ಮಾಡು."

"ಹೇಗಿರ್ತದೆ ಅದು?"

ಅಣವೀರಪ್ಪ ನಕ್ಕರು. "ಚಿಪ್ಪು ಹೆಂಗಿರ್ತದ ಅಂತ ನನ್ನ ಕೇಳ್ತಿಯೇನವಾ? ಹುಟ್ಟಿದಾಗಿಂದ ನಾ ಮೀನಿನ ಅಂಗಡಿ ಹಾಯೋವಾಗ ಮೂಗು ಮುಚ್ಚಿದಾಂವ. ನೀವು ಕಡಲಿನ ಮಂದಿ. ನಿಮಗ ರಕ್ತದಾಗ ಬಂದಿರ್ತದ."

ಆಗ ಅವಳು ಹೇಳಬಹುದಿತ್ತು. ಅಪ್ಪನ ಊರು ಮಲ್ಪೆಯನ್ನು ತಾನು ಕಂಡದ್ದು ಎರಡೇ ಸಲ, ಎರಡು ಸಲವೂ ಯಾರದೋ ಮದುವೆಗೆ, ಎರಡು ಸಲವೂ ಹೊಟ್ಟೆ ಕೆಟ್ಟಿತ್ತು ಎನ್ನಬಹುದಿತ್ತು. ಅಪ್ಪ ಮೀಸೆ ಬರುವ ಮೊದಲೇ ಊರು ಬಿಟ್ಟು ಮುಂಬಯಿಯ ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಕಪ್ಪುಬಸಿ ತೊಳೆದು, ಆಮೇಲೆ ಗೋದಿ ಸೇರಿದವನು. ಬಲೆ ಬೀಸಿದವರು ಅವನ ಅಣ್ಣಂದಿರು. ಮರುವಾಯಿ ಎಂದರೆ ತನ್ನ ಪಾಲಿಗೆ ಸಾಯನ್ ಮಾರ್ಕೆಟ್ಟಿನಲ್ಲಿ ಮರಾಠಿ ಮೀನುಗಾರ ಹೆಂಗಸು ಗುಡ್ಡೆ ಹಾಕಿ ಮಾರುವ ತಿಸರಿ, ಅಮ್ಮ ಇದ್ದಾಗ ಭಾನುವಾರಗಳಲ್ಲಿ ತಟ್ಟೆಗೆ ಬರುತ್ತಿದ್ದ ಸುಕ್ಕ. ಸಮುದ್ರ ಅವಳಿಗೆ ಗೊತ್ತಿದ್ದದ್ದು ಊಟದ ಬದಿಯಿಂದ.

ಹೇಳಲಿಲ್ಲ. ಕಲಾಶಾಲೆಯಲ್ಲಿ ಜಾತಿ ಕೇಳಿದಾಗಲೆಲ್ಲ ನೆಲ ನೋಡುತ್ತಿದ್ದ ಹುಡುಗಿಗೆ ಮೊದಲ ಸಲ ಅದೇ ಜಾತಿಯ ಹೆಸರಿನಲ್ಲಿ ಒಬ್ಬ ವಿದ್ವಾಂಸ ಏನನ್ನೋ ಒಪ್ಪಿಸುತ್ತಿದ್ದ. ಅದು ಚಳಿಯಲ್ಲಿ ಯಾರೋ ಹೆಗಲಿಗೆ ಶಾಲು ಹಾಕಿದ ಹಾಗಿತ್ತು. ಹೂಂ ಎಂದಳು. ಸಂಜೆ ಮಾರ್ಕೆಟ್ಟಿಗೆ ಹೋಗಿ ತಿಸರಿ ಕೊಂಡು, ನೀರಲ್ಲಿಟ್ಟು, ಬಾಯಿ ಬಿಡುವುದನ್ನು ಕಾದು ಕೂತು ಚಿತ್ರ ಬರೆದಳು. ಇನ್ನೊಂದು ಪಾಲು ಹೇಗಿರುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೊದಲನೆಯದರ ಹಾಗೆಯೇ. ಕನ್ನಡಿ ಹಿಡಿದ ಹಾಗೆ.

ಈಗ ಎರಡನೆಯ ಪಾಲೂ ಅಚ್ಚಿನಿಂದ ಹೊರಬಂದಿತು. ಎರಡನ್ನೂ ಕಬ್ಬಿಣದ ಸರಳಿಗೆ ಬಿಗಿದು, ಬೊಗಸೆ ಅರೆತೆರೆದಂತೆ ನಿಲ್ಲಿಸಿದರು. ಪೂವಪ್ಪ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ.

"ನಾಲಗೆ ಇಲ್ವಲ್ಲ?"

"ಎಂತ ನಾಲಗೆ?"

"ಅಯ್ಯೋ, ಜೀವ ಇರುವ ಮರುವಾಯಿ ನಾಲಗೆ ಹೊರಗೆ ಹಾಕ್ತದೆ, ಕಡಲದಂಡೆಯ ಹೊಯಿಗೆ ಅಗೀಲಿಕ್ಕೆ. ಮೊಗವೀರರ ಮಗಳಾಗಿ ಅಷ್ಟೂ ಗೊತ್ತಿಲ್ವಾ? ನಾಲಗೆ ಇಲ್ಲದಿದ್ರೆ ಸತ್ತದ್ದು ಅಂತ ನಗಾಡ್ತಾರೆ ಜನ."

ಅವಳು ನಾಲಗೆ ಮಾಡಿದಳು. ತಿಳಿಗುಲಾಬಿ ಬಣ್ಣ ಹಚ್ಚಿ, ಒದ್ದೆಯಾಗಿ ಕಾಣಲೆಂದು ವಾರ್ನಿಷು ಬಳಿದಳು. ಅಣವೀರಪ್ಪ ಬಂದು ನೋಡಿ, ನಿಜವಾಗಿಯೂ ಮೂಗಿಗೆ ಕರವಸ್ತ್ರ ಹಿಡಿದು, "ಯಪ್ಪಾ, ವಾಸನಿ ಹೊಡದಂಗಾತು ನೋಡು!" ಎಂದರು. ಅವಳ ಜೀವನದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವಳು ಕೇಳಿರಲಿಲ್ಲ.

ಉದ್ಘಾಟನೆಗೆ ರಷ್ಯದಿಂದ ಬಂದಿದ್ದ ವಿಜ್ಞಾನಿಯೊಬ್ಬಳನ್ನು ಸೇಠ್ ಹೇಗೋ ಹಿಡಿದು ತಂದಿದ್ದ. ಆ ವರ್ಷ ಮುಂಬಯಿಯಲ್ಲಿ ಯಾವುದನ್ನು ಉದ್ಘಾಟಿಸಬೇಕಾದರೂ ಒಬ್ಬ ರಷ್ಯನ್ ಇದ್ದರೆ ಶೋಭೆ. ಆಕೆ ದಪ್ಪಗಾಜಿನ ಕನ್ನಡಕದ, ಸೆಖೆಗೆ ಮುಖ ಕೆಂಪೇರಿದ ಮುದುಕಿ. ಜೊತೆಗೆ ಹಿಂದಿಯಲ್ಲಿ ಅನುವಾದಿಸುವ ಒಬ್ಬ ತೆಳ್ಳಗಿನ ಯುವಕ. ಪೂವಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲೇ ಕೂತಿದ್ದ. ಆಂಟಾಪ್ ಹಿಲ್ಲಿನ ಅವರ ಬಿಲ್ಡಿಂಗಿನಲ್ಲಿ ಅವನು ಈ ಸುದ್ದಿ ಹೇಳದ ಬಾಗಿಲು ಉಳಿದಿರಲಿಲ್ಲ.

ಸೇಠ್ ಭಾಷಣ ಮಾಡಿದ. ಪುಸ್ತಕದ ವಿಜ್ಞಾನಕ್ಕೂ ಜನರ ರಕ್ತದ ವಿಜ್ಞಾನಕ್ಕೂ ಇಲ್ಲಿ ಮದುವೆಯಾಗಿದೆ ಎಂದ. ಈ ಅದ್ಭುತವನ್ನು ಮಾಡಿದವಳು ಒಬ್ಬ ಬಡ ಮೀನುಗಾರನ ಮಗಳು, ಸಾಗರವೇ ಅವಳ ಶಾಲೆ ಎಂದ. ಡಿಪ್ಲೊಮಾದ ಮಾತು ಎತ್ತಲಿಲ್ಲ. ಆಮೇಲೆ, "ಆ ಮೀನುಗಾರ ಇಲ್ಲೇ ಇದ್ದಾನೆ," ಎಂದು ಪೂವಪ್ಪನನ್ನು ವೇದಿಕೆಗೆ ಕರೆದ. ಪೂವಪ್ಪ ಎದ್ದ. ಗೋದಿಯವನೆಂದು ತಿದ್ದಬಹುದೇನೋ ಎಂದು ವಿನೋದಿನಿ ಕಾದಳು. ಅವನು ತಿದ್ದಲಿಲ್ಲ. ಕ್ಯಾಮರಾದ ಬೆಳಕು ಚಕ್ಕೆಂದಾಗ ಎದೆ ಸೆಟೆಸಿ ನಿಂತ.

ರಷ್ಯದ ಮುದುಕಿ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. ಒಂದು ಬದಿಗೆ ಹೋದಳು, ಇನ್ನೊಂದು ಬದಿಗೆ ಬಂದಳು. ಏನೋ ಹೇಳಿದಳು.

"ಮೇಡಂ ಹೇಳ್ತಾರೆ," ಎಂದ ಯುವಕ, "ಇಷ್ಟು ಸುಂದರವಾದ ಕಪ್ಪೆಚಿಪ್ಪು ಮಾಸ್ಕೋದ ಮ್ಯೂಸಿಯಮ್ಮಿನಲ್ಲೂ ಇಲ್ಲ."

ಚಪ್ಪಾಳೆ ಬಿತ್ತು. ಸೇಠ್ ಬಾಗಿ ವಂದಿಸಿದ. ಮುದುಕಿ ಚಪ್ಪಾಳೆ ನಿಲ್ಲುವುದನ್ನು ಕಾದು ಮತ್ತೆ ಏನೋ ಕೇಳಿದಳು. ಯುವಕ ಅವಳ ಮುಖ ನೋಡಿದ, ಇನ್ನೊಮ್ಮೆ ಕೇಳಿಸಿಕೊಂಡ, ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ ಕೇಳ್ತಾರೆ, ಲೇಬಲ್ಲಿನಲ್ಲಿ ಬರೆದ ಪ್ರಾಣಿ ಎಲ್ಲಿದೆ ಅಂತ," ಎಂದ.

ಮೊದಲ ಸಾಲಿನವರು ತಿರುಗಿ ಸೇಠನ ಮುಖ ನೋಡಿದರು. ಮುದುಕಿಗೆ ತಾನು ಏನನ್ನೋ ಒಡೆದೆ ಎಂದು ಹೊಳೆಯಿತು. ಅವಳು ಅಣವೀರಪ್ಪನವರನ್ನು ಬಿಟ್ಟು, ಸೇಠನನ್ನು ಬಿಟ್ಟು, ನೇರವಾಗಿ ವಿನೋದಿನಿಯ ಹತ್ತಿರ ಬಂದಳು. ಬಲಗೈಯನ್ನು ಬೋಗುಣಿಯಂತೆ ಬಾಗಿಸಿ ಹಿಡಿದಳು. ಎಡಗೈಯನ್ನೂ ಹಾಗೆಯೇ ಬಾಗಿಸಿ, ಅದರ ಮೇಲೆ ಕವುಚಲಿಲ್ಲ, ಅದರೊಳಗೆ ಕೂರಿಸಿದಳು. ಒಂದರೊಳಗೊಂದು ಇಟ್ಟ ಎರಡು ಬೋಗುಣಿ. ನಡುವೆ ಒಂದು ಬಿರುಕಿನಷ್ಟು ಜಾಗ. ಮೇಲಿನ ಚಿಪ್ಪು ಉಬ್ಬುವುದಿಲ್ಲ, ತಗ್ಗುತ್ತದೆ. ಒಂದು ಶಬ್ದವೂ ಬೇಕಿರಲಿಲ್ಲ, ವಿನೋದಿನಿಗೆ ಎಲ್ಲವೂ ಅರ್ಥವಾಯಿತು. ಆಕೆ ಕೊನೆಗೆ ಆ ಗುಲಾಬಿ ನಾಲಗೆಯ ಕಡೆ ಬೆರಳು ತೋರಿಸಿ ಅಲ್ಲವೆಂದು ಮೆಲ್ಲನೆ ತಲೆಯಾಡಿಸಿದಳು, ಮಗು ಬಾಯಿಗೆ ಹಾಕಿಕೊಂಡದ್ದನ್ನು ತೆಗೆಯುವವಳ ಹಾಗೆ.

ಪಕ್ಕದಲ್ಲಿದ್ದ ಪೂವಪ್ಪ ಅದು ಅವರ ದೇಶದ ನಮಸ್ಕಾರವೆಂದುಕೊಂಡು, ತಾನೂ ಎರಡು ಅಂಗೈ ಜೋಡಿಸಿ ತಲೆಬಾಗಿದ.

"ಡಾಕ್ಟರ್ ಸಾಬ್, ಏನಿದು?" ಎಂದ ಸೇಠ್, ನಗು ಬಿಡದೆ, ಹಲ್ಲು ಕಚ್ಚಿಕೊಂಡೇ.

ಅಣವೀರಪ್ಪನವರ ಹಣೆಯಲ್ಲಿ ವಿಭೂತಿಯ ಗೆರೆಗಳ ಮೇಲೆ ಬೆವರು ಕೂತಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. "ಮಾಡೆಲ್ ಆ ಹುಡುಗಿದು," ಎಂದರು ಹಿಂದಿಯಲ್ಲಿ. "ಅವಳು ಮೀನುಗಾರರ ಪೈಕಿ. ಅವಳಿಗೆ ಗೊತ್ತಿರಬೇಕಾಗಿತ್ತು."

ಮಾರನೆಯ ದಿನ ಗಾಜಿಗೆ ಒಳಗಿಂದ ಕಂದು ಕಾಗದ ಅಂಟಿಸಿದರು. ಚಿಪ್ಪನ್ನು ತಿರುಗಿ ಕುದುರೆಲಾಯಕ್ಕೆ ತಂದು ಹಾಕಿದರು. ಬಾಗಿಲಲ್ಲಿ ಹಿಡಿಸದೆ ನಾಲಗೆ ಮುರಿಯಿತು.

ವಿನೋದಿನಿ ಮ್ಯೂಸಿಯಮ್ಮಿನ ಲೈಬ್ರರಿಗೆ ಹೋದಳು. ಲೈಬ್ರರಿಯ ಪ್ರಫುಲ್ಲಾ ಮಾತುಂಗದಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಹಿಂದಿಯೇ ಹೆಚ್ಚು. ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಎಳೆದು ದಬ್ಬನೆ ಇಟ್ಟಳು. "ಲೇ, ನೋಡು. ದೋ ಸಾಲ್ ನಿಮ್ಮ ಡಾಕ್ಟರ್ ಸಾಹೇಬರ ಟೇಬಲ್ ಮೇಲೆ ಇತ್ತು ಇದು. ಪನ್ನೇ ಕೂಡ ಕತ್ತರಿಸಿಲ್ಲ."

ನಿಜ. ಅಂಚಿನಲ್ಲಿ ಹಾಳೆಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಪ್ರಫುಲ್ಲಾ ಅಡಿಪಟ್ಟಿಯಿಂದ ಅವನ್ನು ಸೀಳುತ್ತ ಹೋದಳು. ಸೀಳಿದ ಒಂದು ಪುಟದಲ್ಲಿ ಅದು ಇತ್ತು. ಕೆಳಗಿನ ಚಿಪ್ಪು ಕೆಸರಿನಲ್ಲಿ ಅರ್ಧ ಹೂತು, ಮೇಲಿನದು ಅದರೊಳಗೆ ಕುಸಿದು, ಅಲುಗಾಡದೆ ಬಿದ್ದ ಪ್ರಾಣಿ. ಕಾಲಿಲ್ಲ, ನಾಲಗೆಯಿಲ್ಲ. ಅಷ್ಟು ದಪ್ಪ ಚಿಪ್ಪಿನೊಳಗೆ ಮಾಂಸ ನಾಮಕಾವಸ್ತೆ, ಹೆಚ್ಚಿನದೆಲ್ಲ ಭಾರ. ಕಪ್ಪೆಚಿಪ್ಪಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ, ಮೇಲುನೋಟದ ಹೋಲಿಕೆ ಅಷ್ಟೆ ಎಂದು ಬರೆದಿತ್ತು. ಕಪ್ಪೆಚಿಪ್ಪು ಮುಚ್ಚಿಕೊಂಡಿರಲು ಬಲ ಹಾಕಬೇಕು, ಬಲ ಹೋದ ದಿನ ತಾನಾಗಿ ತೆರೆಯುತ್ತದೆ. ಇದು ತೆರೆಯುವುದಕ್ಕೂ ಬಲ ಹಾಕಬೇಕು. ಹಾಗಾಗಿ ಸತ್ತರೆ ಮುಚ್ಚಿಯೇ ಇರುತ್ತದೆ.

"ಎಲ್ಲಾ ಲಿಖ್ಖಾ ಇದೆ," ಎಂದಳು ಪ್ರಫುಲ್ಲಾ. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಅವರು ಓದಲಿಲ್ಲ, ಠೀಕ್ ಹೈ. ನೀನಾದರೂ ಬಂದು ಕೇಳಬಹುದಿತ್ತಲ್ಲ? ಹತ್ತು ಹೆಜ್ಜೆ ದೂರ ಇದ್ದೆ ನಾನು."

ವಿನೋದಿನಿ ಪುಸ್ತಕವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು. ಬಂದು ಕೇಳಿದ್ದರೆ, ಗೊತ್ತಿಲ್ಲ ಎಂದು ಒಪ್ಪಬೇಕಾಗುತ್ತಿತ್ತು. ಹೆಗಲ ಮೇಲಿನ ಶಾಲು ಜಾರುತ್ತಿತ್ತು.

ಅವಳು ಮಣ್ಣು ಹೊತ್ತುಕೊಂಡು ಮನೆಗೆ ಬಂದಳು. ಕಿಟಕಿಯ ಕೆಳಗೆ ಹಲಗೆ ಹಾಕಿ, ಪುಸ್ತಕದ ಚಿತ್ರ ಎದುರಿಟ್ಟುಕೊಂಡು ಮೊದಲಿನಿಂದ ಹಿಡಿದಳು. ಈ ಸಲ ನಿಜವಾದ ಅಳತೆ, ತಟ್ಟೆಯಷ್ಟೇ. ಕೆಳಗಿನದು ಸಲೀಸಾಗಿ ಬಂತು. ಮೇಲಿನದು ಬರಲಿಲ್ಲ. ಬೆರಳುಗಳಿಗೆ ಉಬ್ಬಿಸುವುದು ಗೊತ್ತು, ತಗ್ಗಿಸುವುದು ಗೊತ್ತಿಲ್ಲ. ಮಾಡಿದಳು, ಮುದ್ದೆ ಮಾಡಿದಳು, ಮತ್ತೆ ಮಾಡಿದಳು. ಮೊದಲ ಸಲ ಅವಳು ತನಗೆ ಗೊತ್ತಿಲ್ಲದ್ದನ್ನು ಮಾಡುತ್ತಿದ್ದಳು. ಕೈ ಕುರುಡರ ಕೈಯಂತೆ ತಡವರಿಸುತ್ತಿತ್ತು. ಆದರೆ ಆ ತಡವರಿಕೆಯಲ್ಲಿ ಇದ್ದ ಒಂದು ಬಗೆಯ ಸುಖ ಆ ದೊಡ್ಡ ಸುಳ್ಳುಚಿಪ್ಪನ್ನು ಮಾಡುವಾಗ ಇರಲಿಲ್ಲ. ಇದು ಯಾರ ರಕ್ತದಲ್ಲೂ ಇರಲಿಲ್ಲ. ಯಾರಾದರೂ ಕಲಿತೇ ತಿಳಿಯಬೇಕಿತ್ತು.

ಪೂವಪ್ಪ ಒಲೆಯ ಹತ್ತಿರದಿಂದ ನೋಡುತ್ತಿದ್ದ. ಉದ್ಘಾಟನೆಯ ದಿನದಿಂದ ಅವನು ಬಿಲ್ಡಿಂಗಿನ ಹಿಂದಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ.

"ಸತ್ರೂ ಬಾಯಿ ಬಿಡುದಿಲ್ವಾ ಇದು?"

"ಇಲ್ಲ."

"ಬೇಯಿಸಿದ್ರೂ?"

"ಯಾರು ಬೇಯಿಸಿದ್ದಾರಪ್ಪ ಅದನ್ನು!"

"ಅಲ್ಲ, ಬೇಯಿಸಿದ್ರೂ ಬಾಯಿ ಬಿಡದ ಮರುವಾಯಿಯನ್ನು ನಾವು ಬಿಸಾಡುದು. ಕೆಟ್ಟದ್ದು ಅಂತ ಲೆಕ್ಕ." ಸೌಟು ಕೊಡವಿ ಪಾತ್ರೆಯ ಮೇಲಿಟ್ಟ. "ನಿನ್ನ ರಷ್ಯದವಳಿಗೆ ಎಂತ ಗೊತ್ತು. ಅವಳೊಮ್ಮೆ ಮಲ್ಪೆಗೆ ಬರ್ಲಿ."

"ನೀವೊಮ್ಮೆ ಹೋಗಿ ಬನ್ನಿ ಮೊದಲು," ಎಂದಳು ಅವಳು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಪೂವಪ್ಪನಿಗೆ ಕೇಳಿಸಲಿಲ್ಲವೋ, ಕೇಳಿಸಲಿಲ್ಲವೆಂದು ನಟಿಸಿದನೋ, ಹೊರಗೆ ಹೋಗಿ ಬೀಡಿ ಹಚ್ಚಿದ.

ಭಾನುವಾರ ಬೆಳಿಗ್ಗೆ ಅಣವೀರಪ್ಪ ಬಂದರು. ಅವರು ಈ ಕಡೆ ಬಂದದ್ದು ಇದೇ ಮೊದಲು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಪೂವಪ್ಪ ಇದ್ದ ಒಂದೇ ಕುರ್ಚಿಯನ್ನು ಪಂಚೆಯಿಂದ ಒರೆಸಿ ಕೊಟ್ಟು, ಚಹಾ ಮಾಡಲು ಹೊರಟ.

"ಬ್ಯಾಡ ಬ್ಯಾಡ, ಈಗ ಕುಡದ ಬಂದೆ. ನೀರು ಸಾಕು."

ನೀರು ಬಂತು. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಕುಡಿಯಲಿಲ್ಲ.

"ಸಿಟ್ಟಿಗೆದ್ದೀಯೇನವಾ?"

"ಇಲ್ಲ ಸರ್."

"ಏಳಬೇಕು. ನಾ ಅವತ್ತ ಅಂದ ಮಾತು ಸರಿ ಇರಲಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಹೆದರಿದ್ದೆ." ಅವರು ಸುಳ್ಳು ಹೇಳುತ್ತಿರಲಿಲ್ಲ, ಮುಖ ಬಾಡಿತ್ತು. "ಸೇಠ್ ನಿನ್ನ ತಗದ ಹಾಕ್ರಿ ಅಂದ. ನಾ ಅಂದೆ, ಆ ಹುಡುಗಿ ಹೋದರ ನಾನೂ ಹೋಗ್ತೀನಿ. ಎರಡ ದಿನಾ ಜಗಳಾಡೀನಿ."

ವಿನೋದಿನಿ ಎದ್ದು ಹಲಗೆಯ ಮೇಲಿದ್ದ ಒದ್ದೆ ಬಟ್ಟೆ ಸರಿಸಿದಳು. "ಸರ್, ಇದನ್ನು ನೋಡಿ. ಈ ಸಲ ಪುಸ್ತಕ ನೋಡಿ ಮಾಡಿದ್ದೇನೆ. ಒಂದು ತಿಂಗಳು ಕೊಟ್ರೆ ದೊಡ್ಡದು ಮಾಡ್ತೇನೆ. ಕೂಲಿ ಬೇಡ."

ಅಣವೀರಪ್ಪ ಬಗ್ಗಿ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ. "ಚಂದ ಅದ. ಆದರ ಅದು ಮುಗದ್ಹೋತವಾ. ಆ ಜಾಗಾದಾಗ ಒಂದು ಚಿತ್ರ ಬರಸಾಕ ಹತ್ಯಾರ, ಪುಣೆಯಿಂದ ಯಾರೋ ಬಂದಾರ. ಅದನ್ನ ಬಿಡು. ಅದು ನಿನ್ನ ವಿಷಯ ಅಲ್ಲ."

"ಮತ್ತೆ?"

"ಅದಕ್ಕಽ ಬಂದೀನಿ." ಅವರ ಮುಖ ಅರಳಿತು. "ಮ್ಯಾಲಿನ ಹಾಲ್ ಖಾಲಿ ಅದಲ್ಲ, ಅಲ್ಲಿ ಹೊಸಾ ಗ್ಯಾಲರಿ. 'ಕರಾವಳಿಯ ಜನಜೀವನ'. ನಾನಽ ಸೇಠನ ತಲ್ಯಾಗ ತುಂಬೀನಿ. ಆಳೆತ್ತರದ ಮೂರ್ತಿಗಳು. ಬಲಿ ಬೀಸೋ ಗಂಡಸು, ಬುಟ್ಟಿ ಹೊತ್ತ ಹೆಣಮಗಳು, ಒಂದು ದೋಣಿ, ಗುಡಿಸಲಾ. ಮಾಡೆಲರ್ ನೀನಽ. ನಾಳಿಂದಽ ಕಾಯಂ. ಮ್ಯೂಸಿಯಮ್ಮಿನ ಹಿತ್ತಲಾಗ ಒಂದು ಖೋಲಿನೂ ಕೊಡಸ್ತೀನಿ. ನೋಡು, ಇದಕ್ಕ ಪುಸ್ತಕ ಬ್ಯಾಡ, ರಷ್ಯಾದವರು ಬ್ಯಾಡ. ಯಾರು ಬಂದು ತಪ್ಪು ಅಂತಾರ? ನಿಮ್ಮಪ್ಪನ್ನ ಎದುರಿಗೆ ನಿಂದ್ರಿಸಿಕೋ, ಮಾಡು."

"ನನ್ನನ್ನಾ?" ಎಂದ ಪೂವಪ್ಪ. ಎಷ್ಟೋ ದಿನಗಳ ಮೇಲೆ ಅವನ ದನಿ ಹಿಂದಿನಷ್ಟೇ ಗಟ್ಟಿಯಾಗಿತ್ತು.

"ನಿಮ್ಮನ್ನಽ. ನಿಮ್ಮಂಥ ಅಸಲಿ ಮನಿಷ್ಯಾ ಮುಂಬೈದಾಗ ಎಲ್ಲಿ ಸಿಗಬೇಕು?" ಅಣವೀರಪ್ಪ ಸ್ವಲ್ಪ ತಡೆದು, 'ಇದೊಂದು ಸಣ್ಣ ಮಾತು' ಎಂಬಂತೆ ಕೈಯಾಡಿಸಿದರು. "ಸೇಠನದು ಒಂದು ಹುಚ್ಚ ಅದ. ಐತವಾರ ಮಕ್ಕಳು ಬಂದಾಗ ನೀ ನಿಮ್ಮ ಕಡೀ ಸೀರಿ ಉಟಗೊಂಡು, ಬುಟ್ಟಿ ಇಟಗೊಂಡು ಆ ಗುಡಿಸಲ ಮುಂದ ಒಂದೆರಡು ತಾಸು ಕೂತರ ಚಲೋ ಅಂತಾನ. ಮೂರ್ತಿ ಯಾವುದು, ಮನಿಷ್ಯಾ ಯಾವುದು ಅಂತ ಮಕ್ಕಳಿಗೆ ಮೋಜು. ಬ್ಯಾಡಂದರ ಅದನ್ನ ಬಿಡಸ್ತೀನಿ."

ವಿನೋದಿನಿ ಅವರನ್ನೇ ನೋಡಿದಳು. ಅವರ ಕಣ್ಣಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಈ ಮನುಷ್ಯ ತನಗಾಗಿ ನಿಜವಾಗಿಯೂ ಜಗಳಾಡಿದ್ದ. ತನ್ನ ತಪ್ಪನ್ನು ತೊಳೆದುಕೊಳ್ಳಲು ನಿಜವಾಗಿಯೂ ಈ ಮೆಟ್ಟಿಲು ಹತ್ತಿದ್ದ. ಹತ್ತಿ, ಅದೇ ತಪ್ಪನ್ನು ಇನ್ನಷ್ಟು ದೊಡ್ಡದು ಮಾಡಿ, ಕಾಯಂ ಮಾಡಿ, ಉಡುಗೊರೆಯ ಹಾಗೆ ಎದುರಿಗಿಡುತ್ತಿದ್ದ.

ಅಷ್ಟರಲ್ಲಿ ಪೂವಪ್ಪ ಹಗ್ಗದ ಮೇಲೆ ಒಣಗಲು ಹಾಕಿದ್ದ ಚಾದರ ಎಳೆದುಕೊಂಡಿದ್ದ. ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಮೊಣಕೈ ಮೇಲೆ ಹಾಕಿಕೊಂಡು, ಸೊಂಟ ತಿರುಗಿಸಿ, ಕೋಣೆಯ ನಡುವೆ ನಿಂತ. "ಹೀಗೆ ಸರ್? ಹೀಗೆ ಬೀಸುದು." ಅಣವೀರಪ್ಪ "ವಾ, ವಾ!" ಎಂದರು.

ಬಲೆಯನ್ನು ಹಿಡಿಯುವುದು ಹೀಗೆಯೋ ಅಲ್ಲವೋ ವಿನೋದಿನಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅವನು ಯಾವುದೋ ಕ್ಯಾಲೆಂಡರಿನ ಚಿತ್ರವನ್ನು ನೆನೆಸಿಕೊಂಡು ನಿಂತಿದ್ದ. ಅವನ ಬಲಗೈಯ ಬೆರಳುಗಳು ಮೂವತ್ತು ವರ್ಷ ಸುತ್ತಿಗೆಯ ಹಿಡಿಗೆ ಬಾಗಿ ಬಾಗಿ ಈಗ ಪೂರ್ತಿ ಬಿಚ್ಚುತ್ತಿರಲಿಲ್ಲ. ಬಟ್ಟೆ ಆ ಬೆರಳುಗಳಿಂದ ಜಾರುತ್ತಿತ್ತು, ಅವನು ಮತ್ತೆ ಮತ್ತೆ ಹಿಡಿಯುತ್ತಿದ್ದ. ಹಡಗಿನ ಹೊಟ್ಟೆಯಡಿ ಹಲಗೆಯ ಮೇಲೆ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ತುಕ್ಕು ಬಡಿಯುವವನ ಮೂರ್ತಿಯನ್ನು ಯಾರೂ ಯಾವ ಗ್ಯಾಲರಿಗೂ ಕೇಳುವುದಿಲ್ಲ. ಆ ಮನುಷ್ಯನನ್ನು ಅವಳು ಕಣ್ಣುಮುಚ್ಚಿ ಮಾಡಬಲ್ಲಳು.

"ಚಾದರ ಕೆಳಗಿಡಿ ಅಪ್ಪ."

"ಸುಮ್ಮನಿರು. ಸಾಹೇಬರು ನೋಡ್ಲಿ."

"ಹಂಗಾರ ಮಾತು ಆತು," ಎಂದು ಅಣವೀರಪ್ಪ ಎದ್ದರು. ತುಂಬಿದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ನಾಳೆ ಬಂದು ಸೇಠನ ಮುಂದ ಒಂದು ಹೂಂ ಅನ್ನು. ಉಳಿದದ್ದು ನನಗ ಬಿಡು."

"ಬರ್ತಾಳೆ ಸರ್, ಬೆಳಿಗ್ಗೇನೇ ಕಳಿಸ್ತೇನೆ," ಎಂದ ಪೂವಪ್ಪ.

"ಇಲ್ಲ," ಎಂದಳು ವಿನೋದಿನಿ.

"ಏನಿಲ್ಲ? ಐತವಾರದ್ದಾ? ಅದನ್ನ ಬಿಡಸ್ತೀನಿ ಅಂದೆನಲ್ಲವಾ."

"ಐತವಾರದ್ದಲ್ಲ. ಯಾವುದೂ ಇಲ್ಲ."

"ಹುಚ್ಚಿ, ಮತ್ತ ಆ ಭಾಂಡುಪಿಗೆ ಹೋಗಿ ಹುಬ್ಬು ಬರೀತಿಯೇನು? ನಿನಗ ಗೊತ್ತಿದ್ದ ಕೆಲಸಾನಽ ಕೊಡಾಕ ಹತ್ತೀನಲ್ಲ ನಾ!"

"ನಂಗೆ ಗೊತ್ತಿಲ್ಲ ಸರ್ ಅದು," ಎಂದಳು ಅವಳು. "ನಾನು ಮಾಡುದಿಲ್ಲ."